ಆಪ್ಟ್ ಹಠ ಹಿಡಿದಾಗ: ಲಿನಕ್ಸ್ ಇನ್‌ಸ್ಟಾಲ್ ಸುತ್ತಲಿನ ತಪ್ಪು ಕಲ್ಪನೆಗಳು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣ ಎಂದರೆ ಅದು ಕೇಳುವ ಟಿಪಿಎಂ 2.0 ಎಂಬ ಸುರಕ್ಷತಾ ಸೌಲಭ್ಯ ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಇರುವುದಿಲ್ಲ. ಅರಸೀಕೆರೆಯ ಲಗ್ನಪತ್ರಿಕೆ ಅಂಗಡಿ, ಬೇಲೂರಿನ ಫೋಟೊ ಸ್ಟುಡಿಯೊ, ಹಳೇಬೀಡಿನ ಜೆರಾಕ್ಸ್ ಅಂಗಡಿ, ಇಂಥ ಕಡೆಗಳಲ್ಲಿ ಚೆನ್ನಾಗಿಯೇ ಓಡುತ್ತಿರುವ ಸಿಪಿಯುವನ್ನು ಗುಜರಿಗೆ ಹಾಕಲು ಮನಸ್ಸು ಬಾರದೆ ಲಿನಕ್ಸ್ ಮಿಂಟನ್ನೋ ಉಬುಂಟುವನ್ನೋ ಹಾಕಿಸಿಕೊಂಡವರು ಈಗ ಸಿಗುತ್ತಾರೆ. ನಮ್ಮ ಮೇಷ್ಟ್ರುಗಳಿಗೆ ಇದು ಹೊಸದೇನಲ್ಲ. ರಾಜ್ಯದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗಾಗಿ ನಡೆದ ಸಬ್ಜೆಕ್ಟ್ ಟೀಚರ್ ಫೋರಂ ತರಬೇತಿಗಳಲ್ಲಿ ಬಳಸಿದ್ದು ಉಬುಂಟುವನ್ನೇ. ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳೂ ಕೇರಳದ ಕೈಟ್ ಸಂಸ್ಥೆ ಉಬುಂಟು ಆಧರಿಸಿ ಸಿದ್ಧಪಡಿಸಿದ ಓಎಸ್‌ನಲ್ಲೇ ಕಂಪ್ಯೂಟರ್ ಕಲಿಯುತ್ತಾರೆ.

ಓಎಸ್ ಹಾಕಿಸುವುದೇನೋ ಸಲೀಸು. ಫಜೀತಿ ಶುರುವಾಗುವುದು ಆಮೇಲೆ, ಹೊಸದೊಂದು ಸಾಫ್ಟ್‌ವೇರ್ ಬೇಕಾದಾಗ. ಕಪ್ಪು ಪರದೆಯ ತುಂಬ ಇಂಗ್ಲಿಷ್ ಸಾಲುಗಳು ಸುರಿದರೆ ಸಾಕು, "ಲಿನಕ್ಸ್ ಹಣೆಬರಹವೇ ಇಷ್ಟು" ಎಂದು ಕೈಚೆಲ್ಲುತ್ತೇವೆ. ಉಬುಂಟು, ಮಿಂಟ್, ಡೆಬಿಯನ್ ಮೂರರಲ್ಲೂ ಸಾಫ್ಟ್‌ವೇರ್ ಹಾಕುವ ತೆಗೆಯುವ ಕೆಲಸ ಆಪ್ಟ್ ಎಂಬ ಉಪಕರಣದ್ದು. ಅದು ಕಾರಣವಿಲ್ಲದೆ ನಿಲ್ಲುವುದು ಅಪರೂಪ, ನಿಂತರೆ ಕಾರಣವನ್ನು ಪರದೆಯ ಮೇಲೆ ಬರೆದೇ ನಿಲ್ಲುತ್ತದೆ. ಆ ಸಾಲನ್ನು ಓದದೆ ಯೂಟ್ಯೂಬ್‌ನಲ್ಲಿ ಸಿಕ್ಕ ಮೊದಲ ಕಮಾಂಡನ್ನು ಹೊಡೆಯುವುದೇ ಅರ್ಧ ರಗಳೆಗೆ ಮೂಲ. ಕೆಳಗೆ ಕಮಾಂಡುಗಳನ್ನು ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಹೊಡೆಯಬೇಕು.

ತಪ್ಪು ಕಲ್ಪನೆ: "ಬೇಕಾದ್ದನ್ನು ಗೂಗಲ್‌ನಲ್ಲಿ ಹುಡುಕಿ, ಡೌನ್‌ಲೋಡ್ ಮಾಡಿ, ಡಬಲ್ ಕ್ಲಿಕ್ ಮಾಡಬೇಕು"

ವಿಂಡೋಸ್ ಕಲಿಸಿದ ಅಭ್ಯಾಸ ಇದು. ಲಿನಕ್ಸ್‌ನಲ್ಲಿ ಮೊದಲು ನೋಡಬೇಕಾದದ್ದು ಓಎಸ್ ಜೊತೆಗೇ ಬರುವ ಸಾಫ್ಟ್‌ವೇರ್ ಮ್ಯಾನೇಜರನ್ನು. ಡೆಬಿಯನ್ 1993ರಲ್ಲಿ ಶುರುವಾದ ಯೋಜನೆ. ಅವರು ಕಟ್ಟಿದ ಪದ್ಧತಿಯಲ್ಲಿ ಸಾವಿರಾರು ಸಾಫ್ಟ್‌ವೇರ್‌ಗಳನ್ನು ಒಂದಕ್ಕೊಂದು ಹೊಂದುವಂತೆ ಸಿದ್ಧಮಾಡಿ ರೆಪಾಸಿಟರಿ ಎಂಬ ಭಂಡಾರದಲ್ಲಿ ಇಟ್ಟಿರುತ್ತಾರೆ. ವಿಎಲ್‌ಸಿ, ಗಿಂಪ್, ಇಂಕ್‌ಸ್ಕೇಪ್, ಲಿಬ್ರೆಆಫೀಸ್ ಎಲ್ಲವೂ ಅಲ್ಲಿವೆ. ಗೂಗಲ್‌ನಿಂದ ಇಳಿಸಿದ ಇಎಕ್ಸ್‌ಇ ಫೈಲ್ ಇಲ್ಲಿ ನೇರವಾಗಿ ಓಡುವುದಿಲ್ಲ. ಟಾರ್ ಫೈಲ್ ಸಿಕ್ಕರೆ ಅದು ಬಹಳ ಸಲ ಬರಿಯ ಮೂಲ ಸಂಕೇತ, ನೀವೇ ಕಂಪೈಲ್ ಮಾಡಿಕೊಳ್ಳಬೇಕು. ಅಂಗಡಿ ನಡೆಸುವವರಿಗೆ ಆ ತಾಪತ್ರಯ ಯಾಕೆ?

ಭಂಡಾರದ ದೊಡ್ಡ ಗುಣ ರುಜು. ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. ಈ ವಿಗ್ರಹ ಯಾರ ಕೈಕೆಲಸ ಎಂದು ಒಂಬೈನೂರು ವರ್ಷದ ಮೇಲೂ ಯಾರನ್ನೂ ಕೇಳಬೇಕಿಲ್ಲ. ಭಂಡಾರದ ಪಟ್ಟಿಯ ಮೇಲೂ ಹಾಗೆ ತಯಾರಕರ ಡಿಜಿಟಲ್ ರುಜು ಇರುತ್ತದೆ. ಪಟ್ಟಿಯೊಳಗೆ ಪ್ರತಿ ಪ್ಯಾಕೇಜಿನ ಲೆಕ್ಕದ ಗುರುತು (ಹ್ಯಾಶ್) ಇರುತ್ತದೆ. ಇಳಿದು ಬಂದ ಫೈಲಿನಲ್ಲಿ ಒಂದಕ್ಷರ ಬದಲಾಗಿದ್ದರೂ ಗುರುತು ತಾಳೆಯಾಗದೆ ಆಪ್ಟ್ ನಿಲ್ಲುತ್ತದೆ. ಹೊರಗಿನ ಭಂಡಾರವೊಂದನ್ನು ಸೇರಿಸಿದ ಮೇಲೆ "ನೋ ಪಬ್‌ಕೀ" ಎಂದು ಬೈದರೆ ಅರ್ಥ ಇಷ್ಟೇ: ಈ ರುಜುವನ್ನು ಪರೀಕ್ಷಿಸಲು ಬೇಕಾದ ಕೀಲಿ ನನ್ನಲ್ಲಿಲ್ಲ. ಆ ತಯಾರಕರ ಅಧಿಕೃತ ತಾಣದಿಂದ ಕೀಲಿ ತಂದುಕೊಡಬೇಕು. ರುಜು ನೋಡುವುದನ್ನೇ ಬಂದ್ ಮಾಡು ಎಂದು ಸಲಹೆ ಕೊಡುವವರ ಮಾತು ಕೇಳಬೇಡಿ.

ತಪ್ಪು ಕಲ್ಪನೆ: "ಅನೇಬಲ್ ಟು ಲೊಕೇಟ್ ಪ್ಯಾಕೇಜ್ ಎಂದರೆ ಅದು ಲಿನಕ್ಸ್‌ಗೆ ಬಂದೇ ಇಲ್ಲ"

ಹೊಸದಾಗಿ ಹಾಕಿಸಿದ ಓಎಸ್‌ನಲ್ಲಿ ಇದು ಕಂಡರೆ ಬಹುಮಟ್ಟಿಗೆ ಪಟ್ಟಿಯೇ ಇನ್ನೂ ಇಳಿದಿಲ್ಲ ಎಂದರ್ಥ. ಮೊದಲು "ಸುಡೊ ಆಪ್ಟ್ ಅಪ್‌ಡೇಟ್" ಹೊಡೆಯಿರಿ (ಸುಡೊ ಎಂದರೆ ಮೆಷಿನ್‌ನ ಪೂರ್ಣ ಅಧಿಕಾರದೊಂದಿಗೆ ಓಡಿಸು ಎಂದು). ಇದು ಯಾವ ಸಾಫ್ಟ್‌ವೇರನ್ನೂ ಹೊಸದು ಮಾಡುವುದಿಲ್ಲ, ಭಂಡಾರದಲ್ಲಿ ಏನೇನಿದೆ ಎಂಬ ಪಟ್ಟಿಯನ್ನು ಮಾತ್ರ ತರುತ್ತದೆ. ಹೊಸ ಆವೃತ್ತಿ ಹಾಕುವುದು "ಅಪ್‌ಗ್ರೇಡ್". ಪಟ್ಟಿ ಬಂದ ಮೇಲೂ ಸಿಗದಿದ್ದರೆ ಹೆಸರು ತಪ್ಪಿರಬಹುದು, "ಆಪ್ಟ್ ಸರ್ಚ್" ಎಂದು ಹುಡುಕಿ. ಉಬುಂಟುವಿನಲ್ಲಿ ಯೂನಿವರ್ಸ್ ಎಂಬ ವಿಭಾಗ ಆಫ್ ಆಗಿದ್ದರೂ ಹೀಗಾಗುತ್ತದೆ.

ತಪ್ಪು ಕಲ್ಪನೆ: "ನೆಟ್ ಇದೆ, ಆದರೂ ಆಗುತ್ತಿಲ್ಲ, ಅಂದಮೇಲೆ ಸರ್ವರ್ ಡೌನ್"

ಹಳೇ ಡೆಸ್ಕ್‌ಟಾಪಿನ ನಿಜವಾದ ಕಳ್ಳ ಇಲ್ಲಿದ್ದಾನೆ. ಮದರ್‌ಬೋರ್ಡಿನ ಮೇಲೆ ರೂಪಾಯಿ ನಾಣ್ಯದಂಥ ಒಂದು ಸೆಲ್ ಇರುತ್ತದೆ, ಸಿಆರ್2032, ಮೂರು ವೋಲ್ಟಿನದು. ಕರೆಂಟಿಲ್ಲದಾಗ ಗಡಿಯಾರ ನಡೆಸುವುದು ಅದು. ವರ್ಷಗಳು ಕಳೆದ ಮೇಲೆ ಸೆಲ್ ಸತ್ತುಹೋಗುತ್ತದೆ. ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ ಆರಿಸಿ ಹೋಗುವ ಪದ್ಧತಿ ಇದ್ದರಂತೂ ಬೆಳಗ್ಗೆ ಮೆಷಿನ್ ಎದ್ದಾಗ ತಾರೀಖು ಹಿಂದೆ ಹೋಗಿರುತ್ತದೆ.

ಅರಸೀಕೆರೆಯ ಒಂದು ಅಂಗಡಿಯಲ್ಲಿ ಕೆಲಸದ ಹುಡುಗ ಬೆಳಗಿನಿಂದ ಒಂದೇ ಕಮಾಂಡ್ ಹೊಡೆಯುತ್ತಿದ್ದ. "ಸರ್ವರ್ ಡೌನು ಕಣಣ್ಣ, ನಾಳೆ ನೋಡಾಣ" ಅಂದ. ಮೊಬೈಲ್ ಹಾಟ್‌ಸ್ಪಾಟ್ ಎರಡು ಸಲ ಬದಲಾಯಿಸಿ ಆಗಿತ್ತು. ಪರದೆಯಲ್ಲಿ ಇದ್ದದ್ದು "ರಿಲೀಸ್ ಫೈಲ್ ಈಸ್ ನಾಟ್ ವ್ಯಾಲಿಡ್ ಯೆಟ್" ಎಂಬ ಸಾಲು, ಅದರ ಮುಂದೆ ಇನ್ನೆಷ್ಟು ದಿನ ಕಾಯಬೇಕು ಎಂಬ ಲೆಕ್ಕ. ಅಂಗಡಿ ಯಜಮಾನರು ಲಗ್ನಪತ್ರಿಕೆ ಪ್ರೂಫ್ ತಿದ್ದುತ್ತಲೇ "ಮೂಲೇಲಿ ತಾರೀಕು ಎಷ್ಟೈತೆ ನೋಡ್ಲಾ" ಅಂದರು. ಹಿಂದಿನ ಯಾವುದೋ ವರ್ಷದ ತಾರೀಖು ಇತ್ತು.

ಕಾರಣ ಇದು: ಭಂಡಾರದ ಪಟ್ಟಿಯ ಮೇಲೆ ಅದು ತಯಾರಾದ ತಾರೀಖು ಇರುತ್ತದೆ, ಕೆಲವು ಪಟ್ಟಿಗಳ ಮೇಲೆ ಅವಧಿ ಮುಗಿಯುವ ತಾರೀಖೂ ಇರುತ್ತದೆ. ಯಾರಾದರೂ ಹಳೆಯ, ತೂತುಬಿದ್ದ ಪಟ್ಟಿಯನ್ನು ಹೊಸದೆಂದು ನಂಬಿಸಬಾರದು ಎಂಬ ಮುಂಜಾಗ್ರತೆ ಅದು. ನಿಮ್ಮ ಮೆಷಿನ್ ಹಿಂದಿನ ಕಾಲದಲ್ಲಿದ್ದರೆ ಇವತ್ತಿನ ಪಟ್ಟಿ ಅದಕ್ಕೆ ಭವಿಷ್ಯದಿಂದ ಬಂದಂತೆ ಕಾಣುತ್ತದೆ. ಬ್ರೌಸರ್ ಕೂಡ ಅದೇ ಹೊತ್ತಿಗೆ "ಸಂಪರ್ಕ ಸುರಕ್ಷಿತವಲ್ಲ" ಎಂದು ತಕರಾರು ತೆಗೆಯುವುದು ಇದೇ ಕಾರಣಕ್ಕೆ. ನೆಟ್ ಸಿಕ್ಕ ಮೇಲೆ ಲಿನಕ್ಸ್ ಸಾಮಾನ್ಯವಾಗಿ ತಾನೇ ಸಮಯ ಸರಿಮಾಡಿಕೊಳ್ಳುತ್ತದೆ. ಆದರೆ ಸೆಟ್ಟಿಂಗ್ಸ್‌ನಲ್ಲಿ ಆಟೊಮ್ಯಾಟಿಕ್ ಸಮಯ ಆಫ್ ಆಗಿದ್ದರೆ, ಅಥವಾ ಕಾಲೇಜು ಕಚೇರಿಗಳ ನೆಟ್‌ವರ್ಕ್ ಸಮಯದ ಸರ್ವರ್‌ಗೆ ದಾರಿ ಬಿಡದಿದ್ದರೆ ಆ ಕೆಲಸ ಆಗುವುದಿಲ್ಲ. ಆಟೊಮ್ಯಾಟಿಕ್ ಆನ್ ಮಾಡಿ, ಆಮೇಲೆ ಸೆಲ್ ಬದಲಾಯಿಸಿ. ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ.

ಪಟ್ಟಿ ಇಳಿಯುವಾಗ ಬರುವ ಇನ್ನೆರಡು ದೂರುಗಳಿಗೂ ನೆಟ್ ಪ್ಯಾಕಿಗೂ ಹೆಚ್ಚಿನ ನಂಟಿಲ್ಲ. "ಹ್ಯಾಶ್ ಸಮ್ ಮಿಸ್‌ಮ್ಯಾಚ್" ಎಂದರೆ ನೀವು ಬಳಸುತ್ತಿರುವ ಮಿರರ್ (ಭಂಡಾರದ ನಕಲಿಟ್ಟ ಸರ್ವರ್) ಅರ್ಧಂಬರ್ಧ ನವೀಕರಣವಾಗಿರಬಹುದು ಅಥವಾ ನಡುವಿನ ಪ್ರಾಕ್ಸಿ ಹಳೆಯ ಪ್ರತಿ ಕೊಡುತ್ತಿರಬಹುದು. ಸ್ವಲ್ಪ ಹೊತ್ತು ಬಿಟ್ಟು ನೋಡಿ, ಇಲ್ಲವೇ ಸಾಫ್ಟ್‌ವೇರ್ ಸೋರ್ಸಸ್‌ನಲ್ಲಿ ಮಿರರ್ ಬದಲಾಯಿಸಿ. "404" ಎಂದರೆ ಆ ಆವೃತ್ತಿಯ ಆಯಸ್ಸೇ ಮುಗಿದಿರಬಹುದು. ಉಬುಂಟುವಿನಲ್ಲಿ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲದ್ದು) ಅಲ್ಲದ ಆವೃತ್ತಿಗೆ ಒಂಬತ್ತು ತಿಂಗಳ ಬೆಂಬಲ ಮಾತ್ರ, ಆಮೇಲೆ ಅದರ ಭಂಡಾರವನ್ನು ಹಳೆಯ ಆವೃತ್ತಿಗಳ ಸರ್ವರ್‌ಗೆ ಸಾಗಿಸುತ್ತಾರೆ. ಅಂಗಡಿಗೆ ಯಾವಾಗಲೂ ಎಲ್‌ಟಿಎಸ್ ಹಾಕಿಸಿ.

ತಪ್ಪು ಕಲ್ಪನೆ: "ಲಾಕ್ ಎಂದು ಬಂದರೆ ಆ ಲಾಕ್ ಫೈಲನ್ನು ಅಳಿಸಿಬಿಡಬೇಕು"

ಇದೊಂದು ಸಲಹೆ ಎಷ್ಟು ಮೆಷಿನ್‌ಗಳನ್ನು ಕೆಡಿಸಿದೆಯೋ ದೇವರೇ ಬಲ್ಲ. "ಕುಡ್ ನಾಟ್ ಗೆಟ್ ಲಾಕ್" ಎಂದರೆ ಇನ್ನೊಂದು ಕಾರ್ಯಕ್ರಮ ಈಗಾಗಲೇ ಪ್ಯಾಕೇಜುಗಳ ದಫ್ತರನ್ನು ತೆರೆದು ಬರೆಯುತ್ತಿದೆ. ಅದೇ ಸಾಲಿನಲ್ಲಿ ಆ ಕಾರ್ಯಕ್ರಮದ ನಂಬರು, ಹೆಸರು ಎರಡೂ ಇರುತ್ತವೆ. ಉಬುಂಟುವಿನಲ್ಲಿ ಬಹುತೇಕ ಅದು ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್, ಮೆಷಿನ್ ಆನ್ ಆದ ಸ್ವಲ್ಪ ಹೊತ್ತಿಗೆ ಸುರಕ್ಷತಾ ತಿದ್ದುಪಡಿಗಳನ್ನು ತಾನೇ ಹಾಕುತ್ತಿರುತ್ತದೆ. ಕಾಫಿ ಕುಡಿದು ಬನ್ನಿ, ಮುಗಿದಿರುತ್ತದೆ. ಬಲವಂತವಾಗಿ ಲಾಕ್ ಕಿತ್ತರೆ ಎರಡು ಕಾರ್ಯಕ್ರಮಗಳು ಒಟ್ಟಿಗೇ ಒಂದೇ ದಫ್ತರಕ್ಕೆ ಬರೆದು ಅದನ್ನು ಹಾಳು ಮಾಡುತ್ತವೆ.

ಬೇಲೂರಿನ ಮಳೆಗಾಲದಲ್ಲಿ ಇದಕ್ಕಿಂತ ಹೆಚ್ಚು ಕಾಣುವುದು ಇನ್ನೊಂದು. ಇನ್‌ಸ್ಟಾಲ್ ಅರ್ಧಕ್ಕೆ ಬಂದಾಗ ಕರೆಂಟು ಹೋಗುತ್ತದೆ, ಯುಪಿಎಸ್ ಬ್ಯಾಟರಿ ಕೈಕೊಟ್ಟಿರುತ್ತದೆ. ಮರುದಿನ ಏನು ಹಾಕಲು ಹೋದರೂ "ಡಿಪಿಕೆಜಿ ವಾಸ್ ಇಂಟರಪ್ಟೆಡ್" ಎಂಬ ದೂರು (ಡಿಪಿಕೆಜಿ ಎಂದರೆ ಆಪ್ಟ್‌ನ ಕೈಕೆಳಗೆ ಪ್ಯಾಕೇಜ್ ಬಿಚ್ಚಿ ಹಾಕುವ ಉಪಕರಣ). ಆ ಸಾಲು ಪರಿಹಾರವನ್ನೂ ಹೇಳಿಯೇ ಮುಗಿಯುತ್ತದೆ: "ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ". ಅರ್ಧಕ್ಕೆ ನಿಂತ ಪ್ಯಾಕೇಜುಗಳನ್ನು ಅದು ಪೂರ್ತಿ ಮಾಡುತ್ತದೆ. ಇನ್ನೂ ಏನಾದರೂ ಉಳಿದಿದ್ದರೆ "ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್". ಈ ಎರಡರಲ್ಲೇ ಸರಿಹೋಗುವ ಮೆಷಿನ್‌ಗಳನ್ನು ಫಾರ್ಮ್ಯಾಟ್ ಹೊಡೆಸಲು ಹಾಸನದವರೆಗೆ ಹೊತ್ತುಕೊಂಡು ಹೋಗುವವರಿದ್ದಾರೆ.

ತಪ್ಪು ಕಲ್ಪನೆ: "ಕನ್ನಡ ಟೈಪಿಂಗ್‌ಗೆ ವೈನ್‌ನಲ್ಲಿ ನುಡಿ ಹಾಕಲೇಬೇಕು"

ನುಡಿ ವಿಂಡೋಸ್‌ನ ಕನ್ನಡ ಟೈಪಿಂಗ್ ತಂತ್ರಾಂಶ, ವೈನ್ ಎಂದರೆ ವಿಂಡೋಸ್ ಕಾರ್ಯಕ್ರಮಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಉಪಕರಣ. ನಮ್ಮ ಕಡೆ ಲಿನಕ್ಸ್ ಬಿಟ್ಟು ವಾಪಸ್ ಹೋಗುವವರು ಮೊದಲು ಹೇಳುವ ಕಾರಣ ಕನ್ನಡ ಟೈಪಿಂಗ್. ಕನ್ನಡದ ಅತ್ಯಂತ ಹಳೆಯ ಶಾಸನಗಳಲ್ಲೊಂದೆಂದು ಎಲ್ಲರೂ ಓದಿರುವ, ಸುಮಾರು ಕ್ರಿ.ಶ. 450ರದೆನ್ನುವ ಹಲ್ಮಿಡಿ ಶಾಸನ ಸಿಕ್ಕಿದ್ದು ಬೇಲೂರು ತಾಲ್ಲೂಕಿನಲ್ಲೇ. ಅದೇ ತಾಲ್ಲೂಕಿನಲ್ಲಿ ಕೂತು "ಲಿನಕ್ಸ್‌ನಲ್ಲಿ ಕನ್ನಡ ಬರಲ್ಲ ಸಾರ್" ಎಂದು ಕೇಳಿಸಿಕೊಳ್ಳುವಾಗ ಸ್ವಲ್ಪ ಕಸಿವಿಸಿಯಾಗುತ್ತದೆ. ಯುನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿದೆ. ಡೆಬಿಯನ್, ಉಬುಂಟು ಭಂಡಾರಗಳಲ್ಲಿ "ಫಾಂಟ್ಸ್-ಕೆಎನ್‌ಡಿಎ" ಎಂಬ ಒಂದೇ ಪ್ಯಾಕೇಜ್ ಹಾಕಿದರೆ ಲೋಹಿತ್ ಕನ್ನಡದ ಜೊತೆಗೆ ಅರವಿಂದ ವಿ.ಕೆ. ಅವರ ಗುಬ್ಬಿ ಮತ್ತು ನವಿಲು ಫಾಂಟ್‌ಗಳೂ ಬರುತ್ತವೆ.

ಟೈಪಿಂಗ್‌ಗೆ ಬೇಕಾದ ಪ್ಯಾಕೇಜ್ "ಐಬಸ್-ಎಂ17ಎನ್". ಅದರಲ್ಲಿ ಕನ್ನಡದ ಹಲವು ಕೀಲಿಮಣೆಗಳಿವೆ. ಕೆಜಿಪಿ ಎಂಬ ಹೆಸರಿನದು ಕಗಪ ವಿನ್ಯಾಸ, ನುಡಿಯಲ್ಲಿ ಕೈಪಳಗಿದವರಿಗೆ ಹೊಸದಾಗಿ ಕಲಿಯುವುದು ಏನೂ ಇರುವುದಿಲ್ಲ. ಎಡವುವುದು ಎಲ್ಲಿ ಎಂದರೆ, ಪ್ಯಾಕೇಜ್ ಹಾಕಿದ ಕೂಡಲೇ ಸೆಟ್ಟಿಂಗ್ಸ್ ತೆರೆದು ಕೀಲಿಮಣೆ ಕಾಣದಿದ್ದರೆ "ಇನ್‌ಸ್ಟಾಲ್ ಆಗಿಲ್ಲ" ಎಂದು ತೀರ್ಮಾನಿಸುತ್ತಾರೆ. ಐಬಸ್ ಹೊಸ ಕೀಲಿಮಣೆಗಳನ್ನು ಗುರುತಿಸಬೇಕಾದರೆ ಅದು ಮತ್ತೆ ಶುರುವಾಗಬೇಕು, ಅಂದರೆ ಒಮ್ಮೆ ಲಾಗ್ಔಟ್ ಆಗಿ ಲಾಗಿನ್ ಆಗಬೇಕು. ಮಿಂಟ್‌ನ ಹಲವು ಆವೃತ್ತಿಗಳಲ್ಲಿ ಇನ್‌ಪುಟ್ ಮೆಥಡ್ ಎಂಬ ಕಡೆ ಹೋಗಿ ಐಬಸ್ ಆರಿಸಿಕೊಡಬೇಕು, ಅಷ್ಟು ಮಾಡದೆ ಅದು ಏಳುವುದೇ ಇಲ್ಲ. ಆಮೇಲೆ ಇನ್‌ಪುಟ್ ಸೋರ್ಸ್‌ನಲ್ಲಿ ಕನ್ನಡ ಸೇರಿಸಿಕೊಳ್ಳಿ. ಇದಾವುದೂ ಬೇಡ ಎಂದರೆ ಲಿನಕ್ಸ್‌ನ ಮೂಲ ಕೀಬೋರ್ಡ್ ಪಟ್ಟಿಯಲ್ಲೇ ಕಗಪ ಫೊನೆಟಿಕ್ ಇದೆ, ಯಾವ ಪ್ಯಾಕೇಜೂ ಬೇಕಿಲ್ಲ.

ಆದರೆ ಒಂದು ನಿಜವನ್ನು ಮುಚ್ಚಿಡುವುದು ಸರಿಯಲ್ಲ. ಹತ್ತು ಹದಿನೈದು ವರ್ಷದ ಹಳೇ ನುಡಿ ಫೈಲುಗಳು ಬಹುಪಾಲು ಯುನಿಕೋಡ್‌ನಲ್ಲಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ತುಂಡುಗಳನ್ನು ಅಂಟಿಸಿದ ಫಾಂಟುಗಳವು. ಲಿಬ್ರೆಆಫೀಸ್‌ನಲ್ಲಿ ತೆರೆದರೆ ತಲೆಯ ಮೇಲೆ ಗೆರೆ ಚುಕ್ಕಿ ಹೊತ್ತ ಇಂಗ್ಲಿಷ್ ಕಲಸುಮೇಲೋಗರ ಕಾಣುತ್ತದೆ. ಇದು ಇನ್‌ಸ್ಟಾಲ್ ದೋಷವಲ್ಲ. ಆ ಫಾಂಟ್ ಫೈಲನ್ನು ನಿಮ್ಮ ಹೋಮ್ ಫೋಲ್ಡರಿನ ಡಾಟ್-ಲೋಕಲ್, ಶೇರ್, ಫಾಂಟ್ಸ್ ಫೋಲ್ಡರಿಗೆ ಹಾಕಿ "ಎಫ್‌ಸಿ-ಕ್ಯಾಶ್" ಓಡಿಸಿದರೆ ಓದಲು ಬರುತ್ತದೆ. ಮುಂದಕ್ಕೂ ಬಳಸಬೇಕಾದ ಬರಹವಾದರೆ ಪರಿವರ್ತಕದ ಮೂಲಕ ಯುನಿಕೋಡ್‌ಗೆ ತಂದುಕೊಳ್ಳುವುದೇ ಸರಿ, ತಂದ ಮೇಲೆ ಒತ್ತಕ್ಷರಗಳ ಮೇಲೊಮ್ಮೆ ಕಣ್ಣಾಡಿಸಿ. ಇನ್ನು ಪೇಜ್‌ಮೇಕರ್, ಕೋರಲ್‌ಡ್ರಾಗಳಲ್ಲಿ ವರ್ಷಗಟ್ಟಲೆಯ ಲಗ್ನಪತ್ರಿಕೆ ವಿನ್ಯಾಸ ಕೂಡಿಟ್ಟಿರುವ ಅಂಗಡಿಗೆ ನನ್ನ ಸಲಹೆ ಬೇರೆ: ಹಳೆಯ ವಿಂಡೋಸ್ ಮೆಷಿನ್ ಒಂದನ್ನು ನೆಟ್ ಕಿತ್ತು ಹಾಗೇ ಇಟ್ಟುಕೊಳ್ಳಿ. ಇಂಕ್‌ಸ್ಕೇಪ್ ಆ ಫೈಲುಗಳಲ್ಲಿ ಕೆಲವನ್ನು ತೆರೆಯುತ್ತದೆ, ಆದರೆ ಗಿರಾಕಿ ಎದುರಿಗೆ ನಿಂತಿರುವಾಗ ಅದನ್ನು ನಂಬಿ ಕೂರಬಾರದು.

ತಪ್ಪು ಕಲ್ಪನೆ: "ಡೆಬ್ ಫೈಲ್ ಎಲ್ಲಿಂದ ತಂದರೂ ಒಂದೇ"

ಡೆಬ್ ಎಂದರೆ ಆಪ್ಟ್ ಹಾಕುವ ಪ್ಯಾಕೇಜಿನ ಫೈಲ್. ಉಬುಂಟು 20.04ಕ್ಕೆ ಕಟ್ಟಿದ ಡೆಬ್ ಫೈಲ್ 24.04ರಲ್ಲಿ "ಅನ್‌ಮೆಟ್ ಡಿಪೆಂಡೆನ್ಸೀಸ್" ಎಂದು ಕೈಕಟ್ಟಿ ನಿಲ್ಲಬಹುದು. ಅದಕ್ಕೆ ಬೇಕಾದ ಲೈಬ್ರರಿ ಹೊಸ ಭಂಡಾರದಲ್ಲಿ ಇಲ್ಲ, ಇಲ್ಲವೇ ಹೆಸರು ಬದಲಾಗಿದೆ. ಒಂದು ಉದಾಹರಣೆ ನೋಡಿ. ಕಾಲವನ್ನು ಎಣಿಸುವ ಹಳೆಯ 32 ಬಿಟ್ ಪದ್ಧತಿ 2038ರ ಜನವರಿ 19ಕ್ಕೆ ತುಂಬಿಹೋಗುತ್ತದೆ. ಅದನ್ನು ಈಗಲೇ ಸರಿಪಡಿಸುವಾಗ ಡೆಬಿಯನ್, ಉಬುಂಟು ಎರಡೂ ನೂರಾರು ಲೈಬ್ರರಿಗಳ ಹೆಸರಿನ ಕೊನೆಗೆ "ಟಿ64" ಸೇರಿಸಿದವು. ಹಾಗಾಗಿ 24.04ರಲ್ಲಿ "ಲಿಬ್‌ಅಸೌಂಡ್2" ಕೇಳಿದರೆ ಅಭ್ಯರ್ಥಿಯೇ ಇಲ್ಲ ಎನ್ನುತ್ತದೆ, "ಲಿಬ್‌ಅಸೌಂಡ್2ಟಿ64" ಎಂದರೆ ಸಿಗುತ್ತದೆ. ಹಳೆಯ ಆವೃತ್ತಿಯ ಭಂಡಾರವನ್ನೇ ತಂದು ಸೇರಿಸಿದರೆ ಈ ಸಲಕ್ಕೆ ಕೆಲಸವಾದೀತು. ಮುಂದಿನ ಅಪ್‌ಗ್ರೇಡ್‌ನಲ್ಲಿ ಎಲ್ಲ ಸಿಕ್ಕುಬೀಳುತ್ತದೆ. ಡೆಬಿಯನ್‌ನವರು ಇಂಥ ಬೆರಕೆಗೆ ಫ್ರಾಂಕನ್‌ಡೆಬಿಯನ್ ಎಂದು ಹೆಸರಿಟ್ಟು ಮಾಡಬೇಡಿ ಎನ್ನುತ್ತಾರೆ.

ಡೆಬ್ ಫೈಲ್ ಹಾಕಲೇಬೇಕಾಗಿ ಬಂದರೆ ಡಿಪಿಕೆಜಿ ಬದಲು "ಸುಡೊ ಆಪ್ಟ್ ಇನ್‌ಸ್ಟಾಲ್ ./" ಎಂದು ಬರೆದು ಮುಂದೆ ಫೈಲಿನ ಹೆಸರು ಕೊಡಿ. ಬೇಕಾದ ಲೈಬ್ರರಿಗಳನ್ನು ಆಪ್ಟ್ ತಾನೇ ತರುತ್ತದೆ. ಹೊಸ ಆವೃತ್ತಿಯೇ ಬೇಕು ಎಂಬ ಹಟವಿದ್ದರೆ ಫ್ಲಾಟ್‌ಪ್ಯಾಕ್ ನೋಡಿ. ಅದು ತನಗೆ ಬೇಕಾದ ಲೈಬ್ರರಿಗಳನ್ನು ತಾನೇ ಹೊತ್ತು ತರುತ್ತದೆ, ಡಿಸ್ಕ್ ಜಾಗ ಹೆಚ್ಚು ತಿನ್ನುವುದೊಂದೇ ತಕರಾರು.

ತಪ್ಪು ಕಲ್ಪನೆ: "ಕೇಳಿದ್ದಕ್ಕೆಲ್ಲ ಯೆಸ್ ಅಂದರಾಯಿತು"

2021ರ ನವೆಂಬರಿನಲ್ಲಿ ಜಗತ್ತೇ ನೋಡಿದ ಪಾಠ ಇದು. ಕೆನಡಾದ ಹೆಸರಾಂತ ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್ ಉಬುಂಟು ಆಧಾರಿತ ಪಾಪ್ ಓಎಸ್‌ನಲ್ಲಿ ಸ್ಟೀಮ್ ಎಂಬ ಆಟಗಳ ಸಾಫ್ಟ್‌ವೇರ್ ಹಾಕಲು ಹೋದರು. ಪ್ಯಾಕೇಜಿನ ಅವಲಂಬನೆಯಲ್ಲಿ ಆ ಹೊತ್ತಿಗೆ ಒಂದು ತಪ್ಪಿತ್ತು. ಸ್ಟೀಮ್ ಬೇಕಾದರೆ ಡೆಸ್ಕ್‌ಟಾಪನ್ನೇ ತೆಗೆಯಬೇಕು ಎಂದು ಆಪ್ಟ್ ಲೆಕ್ಕ ಹಾಕಿತು, ಅದನ್ನು ಸ್ಪಷ್ಟವಾಗಿ ಬರೆದು ಎಚ್ಚರಿಸಿತು, ನಾನು ಹೇಳಿದಂತೆ ಮಾಡು ಎಂಬ ಪೂರ್ತಿ ವಾಕ್ಯ ಟೈಪ್ ಮಾಡಿದರಷ್ಟೇ ಮುಂದುವರಿಯುತ್ತೇನೆ ಎಂದಿತು. ಅವರು ಟೈಪ್ ಮಾಡಿದರು, ಡೆಸ್ಕ್‌ಟಾಪ್ ಹೋಯಿತು. ಆಮೇಲೆ ಆಪ್ಟ್ ತಯಾರಕರು ಆ ದಾರಿಯನ್ನು ಇನ್ನಷ್ಟು ಬಿಗಿ ಮಾಡಿದರು. ತಪ್ಪು ಬರಿ ಸೆಬಾಸ್ಟಿಯನ್ ಅವರದೆಂದು ನಾನು ಹೇಳಲಾರೆ, ಅಷ್ಟು ಉದ್ದದ ಎಚ್ಚರಿಕೆಯನ್ನು ಯಾರು ತಾನೇ ಕೊನೆತನಕ ಓದುತ್ತಾರೆ? ಆದರೂ ನೋಡಲೇಬೇಕಾದ ಒಂದು ಸಾಲಿದೆ: "ದಿ ಫಾಲೋಯಿಂಗ್ ಪ್ಯಾಕೇಜಸ್ ವಿಲ್ ಬಿ ರಿಮೂವ್ಡ್". ಅದರ ಕೆಳಗೆ ನಿಮಗೆ ಗುರುತಿರುವ ಹೆಸರು ಕಂಡರೆ ಎನ್ ಒತ್ತಿ. ಅನುಮಾನವಿದ್ದರೆ ಕಮಾಂಡಿಗೆ "-ಎಸ್" ಸೇರಿಸಿ, ಏನನ್ನೂ ಮಾಡದೆ ಏನೇನು ಮಾಡುವುದಿತ್ತು ಎಂದು ತೋರಿಸುತ್ತದೆ.

ತಪ್ಪು ಕಲ್ಪನೆ: "ಲಿನಕ್ಸ್‌ಗೆ ವೈರಸ್ ಇಲ್ಲ, ಏನು ಬೇಕಾದರೂ ಹಾಕಬಹುದು"

2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್‌ನ ತಾಣಕ್ಕೇ ಕನ್ನ ಹಾಕಿ, 17.3 ಸಿನಮನ್ ಆವೃತ್ತಿಯ ಡೌನ್‌ಲೋಡ್ ಕೊಂಡಿಯನ್ನು ಹಿಂಬಾಗಿಲಿಟ್ಟ ಪ್ರತಿಯ ಕಡೆಗೆ ತಿರುಗಿಸಿದ್ದರು. 2024ರ ಮಾರ್ಚಿನಲ್ಲಿ ಎಕ್ಸ್‌ಝಡ್ ಎಂಬ ಸಣ್ಣ ಉಪಕರಣದೊಳಗೆ ಅಡಗಿಸಿದ್ದ ಹಿಂಬಾಗಿಲನ್ನು ಆಂಡ್ರೆಸ್ ಫ್ರಾಯಿಂಡ್ ಪತ್ತೆಹಚ್ಚಿದರು. ಅವರಿಗೆ ಅನುಮಾನ ಬಂದದ್ದು ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂಬುದರಿಂದ. ಡೆಬಿಯನ್ ಸ್ಟೇಬಲ್ ಬಳಸುವವರಿಗೆ ಅದು ತಲುಪಿರಲಿಲ್ಲ, ಪರೀಕ್ಷಾ ಆವೃತ್ತಿಗಳಿಗೆ ತಲುಪಿತ್ತು. ಹೀಗಿರುವಾಗ ಇಂಟರ್‌ನೆಟ್‌ನಿಂದ ಒಂದು ಸ್ಕ್ರಿಪ್ಟನ್ನು ತಂದು ನೇರವಾಗಿ ಸುಡೊ ಕೈಗೆ ಕೊಡುವ ಕಮಾಂಡುಗಳನ್ನು ಅಂಗಡಿಯ ಲೆಕ್ಕ, ಗಿರಾಕಿಗಳ ಆಧಾರ್ ಪ್ರತಿ ಇರುವ ಮೆಷಿನ್‌ನಲ್ಲಿ ಹೊಡೆಯಬೇಡಿ.

ತಪ್ಪು ಕಲ್ಪನೆ: "ಎಷ್ಟೇ ಹಳೇ ಮೆಷಿನ್ ಆದರೂ ಲಿನಕ್ಸ್ ನಡೆಯುತ್ತದೆ"

64 ಬಿಟ್ ಪ್ರೊಸೆಸರ್ ಇದ್ದರೆ ಸರಿ. 32 ಬಿಟ್‌ಗೆ ಉಬುಂಟು 19.10ರಿಂದ ಬಾಗಿಲು ಮುಚ್ಚಿತು, ಡೆಬಿಯನ್ ಕೂಡ 2025ರ 13ನೇ ಆವೃತ್ತಿಯಿಂದ ಇನ್‌ಸ್ಟಾಲರ್ ಕೊಡುವುದನ್ನು ನಿಲ್ಲಿಸಿದೆ. ಪ್ರಿಂಟರ್ ವಿಷಯವೂ ಹೀಗೇ. ಎಚ್‌ಪಿಯ ಬಹಳಷ್ಟು ಪ್ರಿಂಟರ್‌ಗಳು "ಎಚ್‌ಪಿಲಿಪ್" ಪ್ಯಾಕೇಜಿನಿಂದ ನಡೆಯುತ್ತವೆ. ಕೆಲವು ಲೇಸರ್‌ಜೆಟ್‌ಗಳಿಗೆ ಮಾತ್ರ "ಎಚ್‌ಪಿ-ಪ್ಲಗಿನ್" ಓಡಿಸಿ ಇನ್ನೊಂದು ತುಂಡನ್ನು ಇಳಿಸಿಕೊಳ್ಳಬೇಕು, ಅದರ ಆವೃತ್ತಿ ಎಚ್‌ಪಿಲಿಪ್ ಆವೃತ್ತಿಗೆ ತಾಳೆಯಾಗಬೇಕು. ಓಎಸ್ ಅಪ್‌ಗ್ರೇಡ್ ಆದ ಮರುದಿನ ಪ್ರಿಂಟ್ ಬರದಿದ್ದರೆ ಮೊದಲು "ಎಚ್‌ಪಿ-ಪ್ಲಗಿನ್" ಅನ್ನು ಮತ್ತೊಮ್ಮೆ ಓಡಿಸಿ.

ತಪ್ಪು ಕಲ್ಪನೆ: "ಕೊನೆಗೆ ಫಾರ್ಮ್ಯಾಟೇ ಗತಿ"

ಅದಕ್ಕೆ ಮುಂಚೆ "ಡಿಎಫ್ -ಎಚ್" ಹೊಡೆದು ಜಾಗ ನೋಡಿ. ಬೂಟ್ ವಿಭಾಗವನ್ನು ಪ್ರತ್ಯೇಕವಾಗಿ ಸಣ್ಣದಾಗಿ ಮಾಡಿದ್ದರೆ ಹಳೆಯ ಕರ್ನಲ್‌ಗಳು (ಓಎಸ್‌ನ ತಿರುಳಿನ ಹಿಂದಿನ ಆವೃತ್ತಿಗಳು) ಕೂಡಿಕೊಂಡು ಅದು ತುಂಬಿರುತ್ತದೆ. ಹೊಸ ಕರ್ನಲ್ ಹಾಕಲಾಗದೆ ಉಳಿದೆಲ್ಲ ಇನ್‌ಸ್ಟಾಲ್‌ಗಳೂ ಸಾಲಾಗಿ ನಿಲ್ಲುತ್ತವೆ. "ಸುಡೊ ಆಪ್ಟ್ ಆಟೊರಿಮೂವ್" ಹಳೆಯವನ್ನು ತೆಗೆಯುತ್ತದೆ. ಮಿಂಟ್‌ನಲ್ಲಿ ಟೈಮ್‌ಶಿಫ್ಟ್ ಇದೆ, ಮೊದಲೇ ಆನ್ ಮಾಡಿಟ್ಟಿದ್ದರೆ ನಿನ್ನೆಯ ಸ್ಥಿತಿಗೆ ವಾಪಸ್ ಹೋಗಬಹುದು. ರಿಪೇರಿಗೆ ಯಾರನ್ನಾದರೂ ಕರೆದರೆ ಅವರಿಗೆ ತೋರಿಸಬೇಕಾದದ್ದು ವಾರ್, ಲಾಗ್, ಆಪ್ಟ್ ಫೋಲ್ಡರಿನಲ್ಲಿರುವ ಹಿಸ್ಟರಿ ಲಾಗ್ ಎಂಬ ಫೈಲು. ಯಾವ ದಿನ ಎಷ್ಟು ಗಂಟೆಗೆ ಯಾವ ಕಮಾಂಡ್ ಹೊಡೆಯಲಾಯಿತು, ಏನು ಬಂತು, ಏನು ಹೋಯಿತು ಎಂಬುದೆಲ್ಲ ಅದರಲ್ಲಿ ದಾಖಲಾಗಿರುತ್ತದೆ. "ನಾವೇನೂ ಮಾಡಿಲ್ಲ ಸಾರ್" ಎಂದು ಅಂಗಡಿಯವರೆಲ್ಲ ಒಕ್ಕೊರಲಿನಿಂದ ಹೇಳಿದಾಗ ಬಂದವರು ಮೊದಲು ತೆರೆಯುವುದೂ ಅದನ್ನೇ.